ಚುಕ್ಕೆ ಗುರುತಿಲ್ಲದ ಪ್ರಶ್ನೆ

ಟಾಕಿ ವಸ್ತಿಯವರು ಸಾಹೇಬರ ಸತ್ಕಾರಕ್ಕೆ ಇವತ್ತೇ ಬರುತ್ತಾರಂತೆ ಎಂದು ಸ್ವಪ್ನಿಲ್ ಹೇಳಿದಾಗ ನೀತಾ ರೈಲ್ವೆ ಕೋಟಾದ ಪತ್ರಗಳಿಗೆ ಕಚೇರಿಯ ಮೊಹರಿನ ಸಿಕ್ಕಾ ಒತ್ತುತ್ತಿದ್ದಳು. ಒಂದು ಸಿಕ್ಕಾ ಓರೆಯಾಗಿ ಬಿತ್ತು. ಸೋಲಾಪುರದ ಗಾಡಿಯಲ್ಲಿ ಯಾರೋ ಮುದುಕಿಗೆ ಕೆಳಗಿನ ಬರ್ತ್ ಕೊಡಿಸಬೇಕೆಂದು ಲೋಕಸಭಾ ಸದಸ್ಯರಾದ ಸಾಹೇಬರು ಮಾಡಿದ ಶಿಫಾರಸು ಅದು. ಸಹಿಯ ಮೇಲೆ ಸಿಕ್ಕಾ ಕುಡಿದವನ ಹಾಗೆ ವಾಲಿಕೊಂಡಿತ್ತು. ಇನ್ನೊಂದು ಪ್ರತಿ ತೆಗೆಯಬೇಕೋ ಬೇಡವೋ ಎಂದು ಅವಳು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಯೋಚಿಸಿದಳು. ಇದನ್ನು ಯೋಚಿಸುತ್ತಿರುವಷ್ಟು ಹೊತ್ತು ಆ ಇನ್ನೊಂದನ್ನು ಯೋಚಿಸಬೇಕಾಗಿರಲಿಲ್ಲ. ಸ್ವಪ್ನಿಲ್ ಆಗಲೇ ಪ್ಲಾಸ್ಟಿಕ್ ಕುರ್ಚಿಗಳನ್ನು ಗೋಡೆಗೆ ಸರಿಸಿ ಫೋಟೋಕ್ಕೆ ಜಾಗ ಮಾಡುತ್ತಿದ್ದ. ಸಾಹೇಬರ ಖಾಸಗಿ ಕೆಲಸದಿಂದ ಹಿಡಿದು ಮೊಬೈಲಿನಲ್ಲಿ ಅವರ ಹೆಸರಿನಲ್ಲಿ ಬರುವ ಮಾತಿನವರೆಗೆ ಎಲ್ಲವೂ ಅವನದೇ ಕೈಯಲ್ಲಿತ್ತು. ನೀತಾಳ ಕೈಯಲ್ಲಿದ್ದದ್ದು ಪತ್ರಗಳು, ಸಿಕ್ಕಾ ಮತ್ತು ಅಧಿವೇಶನ ನಡೆಯುವಾಗ ಸಾಹೇಬರು ಕೇಳಬೇಕಾದ ಪ್ರಶ್ನೆಗಳು. ಅವಳ ಮೇಜು ನೀರಿನ ಫಿಲ್ಟರಿನ ಪಕ್ಕಕ್ಕಿದ್ದುದರಿಂದ ಬಂದವರು ಮೊದಲು ಅವಳನ್ನೇ ನೀರು ಕೇಳುತ್ತಿದ್ದರು. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ ಕೋಟು ತೊಟ್ಟ ಒಬ್ಬ ಬಿಲ್ಡರ್ ಅವಳತ್ತ ನೋಡದೆಯೇ ಎರಡು ಬೆರಳೆತ್ತಿ ಚಹಾ ಎಂದಿದ್ದ. ತಾನು ಚಹಾದವಳಲ್ಲ, ರಾಜ್ಯಶಾಸ್ತ್ರದಲ್ಲಿ ಎಂ.ಎ. ಎಂದು ಹೇಳಲು ಬಾಯಿ ತೆರೆದವಳು ಹಾಗೇ ಎದ್ದುಹೋಗಿ ಚಹಾ ತಂದುಕೊಟ್ಟಿದ್ದಳು. ಸಕ್ಕರೆ ಕಡಿಮೆಯಾಯಿತೆಂದು ಅವನು ಹೇಳಿದ್ದ.

ಆ ಇನ್ನೊಂದು ವಿಷಯ ದೊಡ್ಡದೇನಲ್ಲ, ಹೇಳಹೋದರೆ ನಾಲ್ಕು ಮಾತಿನಲ್ಲಿ ಮುಗಿಯುತ್ತದೆ. ಭೋಸರಿಯ ಆಚೆ, ಸೈನ್ಯದ ಮದ್ದುಗುಂಡಿನ ಕೋಠಿಯ ತಂತಿಬೇಲಿಯಿಂದ ಇಷ್ಟು ದೂರದವರೆಗೆ ಯಾರೂ ಮನೆ ಕಟ್ಟಬಾರದು ಎಂದು ಕಾಯಿದೆ ಇದೆ. ಜನ ಅದಕ್ಕೆ ರೆಡ್ ಝೋನ್ ಅನ್ನುತ್ತಾರೆ. ಕಟ್ಟಬಾರದ ಆ ನೆಲದಲ್ಲಿ, ಹಳೆಯದೊಂದು ನೀರಿನ ಟಾಕಿಯ ಸುತ್ತ, ವಿಜಾಪುರ ಬಾಗಲಕೋಟೆ ಕಡೆಯಿಂದ ಕಾರಖಾನೆಗಳಿಗೆ ಬಂದವರು ಒಂದು ತಲೆಮಾರಿನ ಹಿಂದೆಯೇ ಗೋಡೆ ಎಬ್ಬಿಸಿದ್ದರು. ಕಟ್ಟಿ ಅಂತ ಯಾರೂ ಪರವಾನಗಿ ಕೊಟ್ಟಿರಲಿಲ್ಲ, ಕೆಡವಿ ಅಂತಲೂ ಯಾರೂ ಬಂದಿರಲಿಲ್ಲ. ಕಾಗದದಲ್ಲಿ ಇಲ್ಲದ ವಸ್ತಿಗೆ ಕರೆಂಟಿತ್ತು, ಗಣಪತಿ ಮಂಡಳಿ ಇತ್ತು, ಮತಗಟ್ಟೆಯೂ ಇತ್ತು. ಈ ಸಲದ ಅಧಿವೇಶನದಲ್ಲಿ ಸಾಹೇಬರ ಹೆಸರಿನಿಂದ ಹೋದ ಪ್ರಶ್ನೆಯೊಂದರಲ್ಲಿ ನೀತಾ ಆ ವಸ್ತಿಯ ಹೆಸರು ಬರೆದಿದ್ದಳು. ಮನೆಗಳ ಮೇಲಿನ ಈ ನಿರ್ಬಂಧವನ್ನು ಸಡಿಲಿಸುವ ವಿಚಾರ ಸರಕಾರಕ್ಕಿದೆಯೇ ಎಂದು ಕೇಳಿದ್ದಳು. ಕಳೆದ ವಾರ ಲಿಖಿತ ಉತ್ತರ ಬಂತು. ಸಡಿಲಿಸುವ ವಿಚಾರ ಇಲ್ಲ. ಪ್ರಶ್ನೆಯಲ್ಲಿ ಹೆಸರಿಸಿರುವ ವಸ್ತಿಯನ್ನು ಅಳತೆ ಮಾಡಿ, ಅನಧಿಕೃತ ಕಟ್ಟಡಗಳ ಮೇಲೆ ಕ್ರಮ ಕೈಗೊಳ್ಳುವಂತೆ ಸ್ಥಳೀಯ ಆಡಳಿತಕ್ಕೆ ಸೂಚಿಸಲಾಗಿದೆ.

ಪ್ರಶ್ನೆಯಲ್ಲಿ ಹೆಸರಿಸಿರುವ. ಮಾರ್ಕೆಟ್ ಯಾರ್ಡಿನ ಸ್ಟಾಪಿನಲ್ಲಿ ಬಸ್ಸಿಗೆ ಕಾಯುತ್ತ ಮೊಬೈಲಿನಲ್ಲಿ ಅದನ್ನು ಓದಿದಾಗ ಅವಳಿಗೆ ಮೊದಲು ಅನಿಸಿದ್ದು ಭಯವಲ್ಲ, ಸಂತೋಷ. ದಿಲ್ಲಿಯಲ್ಲಿ ಯಾವನೋ ಅಧಿಕಾರಿ ತನ್ನ ವಾಕ್ಯವನ್ನು ಬೆರಳಿಟ್ಟು ಓದಿದ್ದಾನೆ ಎಂಬ ಸಂತೋಷ. ಅದು ಎಷ್ಟು ಹೊತ್ತು ಇತ್ತೆಂದರೆ, ಎದುರಿಗೆ ಈರುಳ್ಳಿ ಚೀಲಗಳ ಟೆಂಪೋ ದಾಟಿಹೋಗುವಷ್ಟು. ಟೆಂಪೋ ದಾಟಿದ ಮೇಲೆ ಅದೇ ವಾಕ್ಯವನ್ನು ಮತ್ತೊಮ್ಮೆ ಓದಿದಳು. ಬಂದ ಬಸ್ಸನ್ನು ಅವಳು ಹತ್ತಲಿಲ್ಲ. ಆಮೇಲಿನ ದಿನಗಳಲ್ಲಿ ಅವಳನ್ನು ಹೆಚ್ಚು ಕಾಡಿದ್ದು ಆ ಉತ್ತರವಲ್ಲ, ಟೆಂಪೋ ದಾಟುವಷ್ಟರ ಆ ಸಂತೋಷ.

ಅವಳಿಗಿಂತ ಮುಂಚೆ ಪ್ರಶ್ನೆ ಬರೆಯುತ್ತಿದ್ದವರು ನಿವೃತ್ತ ಗುಮಾಸ್ತರೊಬ್ಬರು. ಅವರು ಬರೆದಿಟ್ಟುಹೋದ ಪ್ರಶ್ನೆಗಳನ್ನೆಲ್ಲ ನೀತಾ ಸೇರಿದ ಹೊಸದರಲ್ಲಿ ಓದಿ ಮನಸ್ಸಿನಲ್ಲೇ ನಕ್ಕಿದ್ದಳು. ದೇಶದಲ್ಲಿ ಇಂಥ ಪ್ರದೇಶಗಳು ಎಷ್ಟಿವೆ, ರಾಜ್ಯವಾರು ವಿವರವೇನು, ಇದೇ ಅವರ ಧಾಟಿ. ಒಂದು ಊರಿನ ಹೆಸರಿಲ್ಲ, ಒಂದು ಓಣಿಯ ಹೆಸರಿಲ್ಲ. ಎಂಥ ಸೋಮಾರಿ ಎಂದುಕೊಂಡಿದ್ದಳು. ರಾತ್ರಿ ಹೊತ್ತು ಹಾವಿನ ಹೆಸರು ಎತ್ತಬಾರದು, ಹಗ್ಗ ಅನ್ನಬೇಕು ಎಂದು ಅವಳ ಅಜ್ಜಿ ಹೇಳುತ್ತಿದ್ದಳಲ್ಲ, ಆ ಮನುಷ್ಯ ಜೀವಮಾನವಿಡೀ ಹಗ್ಗ ಹಗ್ಗ ಎಂದೇ ಬರೆದುಕೊಂಡು ಬಂದಿದ್ದರು ಎಂಬುದು ಅವಳಿಗೆ ಈಗ ತಿಳಿಯುತ್ತಿತ್ತು. ಅವಳು ಎಂ.ಎ.ದಲ್ಲಿ ಓದಿದ್ದೇ ಬೇರೆ. ಪ್ರಶ್ನೆ ಖಚಿತವಾಗಿರಬೇಕು. ಸಾಹೇಬರು ಸಹಿಗೆ ಮುಂಚೆ ಓದಿ, ಡ್ರಾಫ್ಟಿಂಗ್ ಚಾಂಗಲಂ ಆಹೇ, ಚೆನ್ನಾಗಿದೆ ಎಂದಿದ್ದರು. ಅವರು ಹೊಗಳಿದ ಆ ಎರಡು ಕ್ಷಣ ಅವಳು ಫಿಲ್ಟರಿನ ನಳವನ್ನು ಮುಚ್ಚುವುದನ್ನೂ ಮರೆತು ಲೋಟದಿಂದ ನೀರು ಹೊರಗೆ ಹರಿದಿತ್ತು. ಬಾಯಿಬಿಟ್ಟು ಉತ್ತರ ಹೇಳಬೇಕಾದ ಪ್ರಶ್ನೆಗಳಿಗೆ ಚುಕ್ಕೆ ಗುರುತು ಹಾಕುತ್ತಾರೆ; ಇದು ಚುಕ್ಕೆ ಗುರುತಿಲ್ಲದ್ದು, ಸದನದಲ್ಲಿ ಯಾರೂ ಎದ್ದುನಿಂತು ಓದುವುದಿಲ್ಲ, ಕಾಗದ ಹೋಗುತ್ತದೆ, ಕಾಗದ ಬರುತ್ತದೆ. ಗಂಟಲು ಎತ್ತದೆ ಮಾಡಬಹುದಾದ ಮಾತು. ತನಗಾಗಿಯೇ ಯಾರೋ ಕಂಡುಹಿಡಿದ ಪದ್ಧತಿ ಎನಿಸಿತ್ತು ಅವಳಿಗೆ.

ಆದರೆ ಖಚಿತವಾಗಿರಲೆಂದಷ್ಟೇ ಆ ಹೆಸರು ಬರೆದದ್ದೇ? ಸಿಕ್ಕಾದ ಶಾಯಿ ಬೆರಳಿಗೆ ಹತ್ತಿತ್ತು, ಒರೆಸಿಕೊಂಡಳು. ಅಪ್ಪ ಮಾರ್ಕೆಟ್ ಯಾರ್ಡಿನ ಅಡತಿ ಅಂಗಡಿಗೆ ಗುಮಾಸ್ತನಾಗುವ ಮುಂಚೆ ಭೋಸರಿಯ ಒಂದು ಕಾರಖಾನೆಯಲ್ಲಿದ್ದ. ಆಗ ಅವರು ಇದ್ದದ್ದು ಟಾಕಿ ವಸ್ತಿಯಲ್ಲಿ, ಕಾಡಪ್ಪ ಕಾಕಾನ ಮನೆಯ ಹಿಂದಿನ ಖೋಲಿಯಲ್ಲಿ, ಬಾಡಿಗೆಗೆ. ಕೋಠಿಯವರು ಹಳೆಯ ಮದ್ದು ಸುಡುವ ದಿನ ನೆಲ ನಡುಗಿ ಗೋಡೆಯ ಮಾಡದಲ್ಲಿಟ್ಟ ಹಿತ್ತಾಳೆ ಭಾಂಡೆಗಳು ಒಂದಕ್ಕೊಂದು ತಾಕಿ ಸಣ್ಣಗೆ ಅಳುತ್ತಿದ್ದವು. ಕಾಡಪ್ಪ ಕಾಕಾನ ಹೆಂಡತಿ ನಾಗವ್ವ ಎರಡೂ ಕೈ ಚಾಚಿ ಅವುಗಳನ್ನು ಹಿಡಿದು, ಸುಮ್ಮನಿರ್ರಿ ಸುಮ್ಮನಿರ್ರಿ, ನಿಮಗೇನ ಆಗೂದಿಲ್ಲ ಎಂದು ಮಕ್ಕಳಿಗೆ ಹೇಳಿದಂತೆ ಹೇಳುತ್ತಿದ್ದಳು. ಶಾಲೆಯಲ್ಲಿ ಟೀಚರ್‌ಬಾಯಿ ನಿಮ್ಮ ನಿಮ್ಮ ಮನೆಯ ವಿಳಾಸ ಬರೆಯಿರಿ ಎಂದಾಗ ನೀತಾ ಪಕ್ಕದ ದೊಡ್ಡ ಸೊಸೈಟಿಯ ಹೆಸರು ಬರೆದಿದ್ದಳು. ಕಾಗದದಲ್ಲಿ ಇಲ್ಲದ ಊರಿನ ಹೆಸರು ಬರೆಯಬಾರದು ಎಂದು ಅಪ್ಪನೇ ಹೇಳಿಕೊಟ್ಟಿದ್ದ. ಲೋಕಸಭೆಯ ಪ್ರಶ್ನೆಗಳ ಪಟ್ಟಿಯಲ್ಲಿ ಆ ಹೆಸರು ಅಚ್ಚಾಗಿ ಬಂದದ್ದನ್ನು ಅವಳು ಯಾರಿಗೂ ತೋರಿಸದೆ ನೋಡಿದ್ದಳು, ಒಂದಲ್ಲ ಹತ್ತು ಸಲ.

ಉತ್ತರ ಬಂದ ಮರುದಿನ ಸ್ವಪ್ನಿಲ್‌ಗೆ ತೋರಿಸಿದ್ದಾಯಿತು. ಅವನು ಚಹಾ ಕುಡಿಯುತ್ತ ಓದಿ, ಅರೆ ಮ್ಯಾಡಂ, ಇದನ್ನು ಯಾರು ಓದುತ್ತಾರೆ, ಜನಕ್ಕೆ ಬೇಕಾದ್ದು ಪ್ರಶ್ನೆ, ಉತ್ತರ ಅಲ್ಲ ಎಂದ. ಅವನು ಕೆಟ್ಟವನಲ್ಲ, ತಾಯಿಯ ಡಯಾಲಿಸಿಸ್ ಮುಗಿಸಿಕೊಂಡು ನೇರ ಕಚೇರಿಗೆ ಬರುವ ಹುಡುಗ. ಅವತ್ತು ಸಂಜೆ ಸಾಹೇಬರ ಹೆಸರಿನಲ್ಲಿ ಒಂದು ಚಿತ್ರ ಹೊರಟಿತು: ಸಂಸತ್ತಿನ ಎದುರು ಕೈಮುಗಿದ ಸಾಹೇಬರು, ಕೆಳಗೆ, ಟಾಕಿ ವಸ್ತಿಯ ದನಿ ದಿಲ್ಲಿಗೆ ಮುಟ್ಟಿತು. ಸಾಹೇಬರಿಗೂ ಅವಳು ಉತ್ತರ ಕಳಿಸಿದ್ದಳು. ಅವರು ದಿಲ್ಲಿಯಿಂದ ಫೋನು ಮಾಡಿ, ಉತ್ತರ ಬರೋಬರಿ ಬಂದಿಲ್ಲ, ನಾನು ಮಂತ್ರಿಗಳನ್ನು ಭೇಟಿಯಾಗುತ್ತೇನೆ ಎಂದರು, ಅದೇ ಉಸಿರಿನಲ್ಲಿ ಈರುಳ್ಳಿ ರಫ್ತಿನ ಮೇಲೆ ಸೋಮವಾರ ಮಾತಾಡುವುದಿದೆ, ಅಂಕಿಸಂಖ್ಯೆ ತೆಗೆದಿಡು ಎಂದರು. ಅವರದೂ ತಪ್ಪೆನ್ನುವ ಹಾಗಿಲ್ಲ. ಒಬ್ಬ ಮನುಷ್ಯನ ಒಂದೇ ಬಾಯಲ್ಲಿ ಈರುಳ್ಳಿ, ರೈಲು, ವಿಮಾನ ನಿಲ್ದಾಣ, ಕಟ್ಟಿಕೊಂಡ ಗಟಾರ, ಗಡಿಯಲ್ಲಿಯ ಸೈನಿಕರು, ಸೊಸೆ ಹೊಡೆದಳೆಂದು ಬರುವ ಅತ್ತೆ, ಎಲ್ಲ ಸಾಲು ನಿಂತಿರುತ್ತವೆ.

ಟಾಕಿ ವಸ್ತಿಯವರು ಬಂದಾಗ, ಶನಿವಾರವೆಂದು ದಿಲ್ಲಿಯಿಂದ ಬಂದಿದ್ದ ಸಾಹೇಬರು ಒಳಗಿನ ಕೋಣೆಯಿಂದ ತಾವೇ ಹೊರಗೆ ಬಂದರು. ಮುಂದೆ ಕಾಡಪ್ಪ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಕೇಸರಿ ಫೇಟಾದ ಡಬ್ಬಿ. ಹಿಂದೆ ವಸ್ತಿಯ ಹತ್ತಾರು ಜನ. ಕೊನೆಗೆ ಪೇಢೆಯ ಪೊಟ್ಟಣ ಹಿಡಿದ ನಾಗವ್ವ, ಇಲಕಲ್ ಸೀರೆಯಲ್ಲಿ. ನೀತಾ ಫೈಲಿನ ಕಪಾಟಿನ ಮರೆಗೆ ಸರಿದಳು. ಫೇಟಾ ಸಾಹೇಬರ ತಲೆಗೆ ಸ್ವಲ್ಪ ದೊಡ್ಡದಾಗಿ ಕಿವಿಯ ತನಕ ಇಳಿಯಿತು, ಅವರು ನಗುತ್ತಲೇ ಹಿಂದಕ್ಕೆ ಸರಿಸಿಕೊಂಡರು. ಶಾಲು ಹೊದಿಸಿದ್ದಾಯಿತು, ಕಾಯಿ ಕೊಟ್ಟದ್ದಾಯಿತು. ಕಾಡಪ್ಪ ಮರಾಠಿಯಲ್ಲಿ ಸಣ್ಣದೊಂದು ಭಾಷಣವನ್ನೇ ಮಾಡಿದ. ಇಷ್ಟು ವರ್ಷ ನಗರಸೇವಕರು ಬಂದರು, ಶಾಸಕರು ಬಂದರು, ನಮ್ಮ ಚಹಾ ಕುಡಿದುಹೋದರು, ನಮ್ಮ ಹೆಸರು ತೆಗೆದವರು ನೀವೊಬ್ಬರೇ ಎಂದ. ನಾಗವ್ವ ಕನ್ನಡದಲ್ಲೇ, ಎಲ್ಲರಿಗೂ ಕೇಳುವಂತೆ, "ಹೆಸರು ದಿಲ್ಲಿ ತನಕಾ ಮುಟ್ಟೇತಿ, ನಳದಾಗಿನ ನೀರು ನಮ್ಮ ಓಣಿ ತನಕಾ ಮುಟ್ಟವಲ್ದು, ಅದನ್ನೂ ಹೇಳ್ರಿ" ಎಂದಳು. ವಸ್ತಿಯವರೆಲ್ಲ ನಕ್ಕರು. ಸಾಹೇಬರೂ ನಕ್ಕು, ಏನಂತಾರೆ ಎಂದು ಸುತ್ತ ನೋಡಿದರು. ಆಗಲೇ ನಾಗವ್ವನ ಕಣ್ಣು ಕಪಾಟಿನ ಕಡೆ ಹೊರಳಿದ್ದು.

"ಅಯ್ಯ, ನೀತವ್ವ ಇಲ್ಲೇ ಅದಾಳಲ್ಲ! ಹಿಂದ ಯಾಕ ನಿಂತೀಯ, ಹೊಸ ಸೊಸಿ ಹಂಗ?"

ಅವಳನ್ನು ಕೈಹಿಡಿದು ನಡುವೆ ತಂದದ್ದಾಯಿತು. ಈಕೆ ನಮ್ಮ ಮನೆಯಲ್ಲಿ ಆಡಿ ಬೆಳೆದವಳು ಎಂದು ಕಾಡಪ್ಪ ಸಾಹೇಬರಿಗೆ ಮರಾಠಿಯಲ್ಲಿ ಹೇಳಿದ. ಸ್ವಪ್ನಿಲ್ ಮೊಬೈಲು ಇಳಿಸಿ ಅವಳನ್ನೇ ನೋಡಿದ. ಅವನ ನೋಟದಲ್ಲಿ ಏನೋ ಕೂಡಿ ಕಳೆದು ಉತ್ತರ ಬಂದಂತಿತ್ತು. ನಾನು ಆ ವಸ್ತಿಯವಳು ಎಂದು ಈ ಕಚೇರಿಯಲ್ಲಿ ಅವಳು ಯಾವತ್ತೂ ಹೇಳಿರಲಿಲ್ಲ, ಅಲ್ಲ ಎಂದೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ನಾಗವ್ವ ಅವಳ ಬಾಯಿಗೆ ಪೇಢೆ ಇಟ್ಟಳು. ಬಾಯಿ ತುಂಬ ಪೇಢೆ ಇದ್ದಾಗಲೇ ಕಾಡಪ್ಪ ಬಂದ ಮುಖ್ಯ ಕೆಲಸ ತೆಗೆದ. ಮೇಲಿನ ಮನೆಗೆ ಎಲ್ಲ ತಯಾರಿ ಆಗಿದೆ. ಸೆಂಟ್ರಿಂಗ್ ಹೊಡೆದಿದೆ, ಕಬ್ಬಿಣದ ಸಳಿ ಕಟ್ಟಿದೆ. ಸರಕಾರದ ಭಯಕ್ಕೆ ಇಷ್ಟು ವರ್ಷ ಕಂಬದ ಸಳಿಗಳನ್ನು ಆಕಾಶಕ್ಕೆ ಬಿಟ್ಟು ಕುಳಿತಿದ್ದೆವು. ಅಮಾವಾಸ್ಯೆ ಕಳೆದ ಮೇಲೆ ಸ್ಲ್ಯಾಬ್ ಹಾಕುತ್ತೇವೆ, ಕಾಯಿ ಒಡೆಯಲು ಸಾಹೇಬರೇ ಬರಬೇಕು.

ಸಾಹೇಬರ ಮುಖದ ನಗು ಹಾಗೇ ಇತ್ತು, ಅದರ ಹಿಂದಿನ ಮನುಷ್ಯ ಮಾತ್ರ ಒಂದು ಹೆಜ್ಜೆ ಹಿಂದೆ ಸರಿದದ್ದು ನೀತಾಳಿಗೆ ಕಂಡಿತು. ಅವರು ಸ್ವಪ್ನಿಲ್‌ನ ಕಡೆ ನೋಡಿದರು. ಅಧಿವೇಶನ ನಡೆದಿದೆ, ಸಾಹೇಬರು ದಿಲ್ಲಿಯಲ್ಲೇ ಇರುತ್ತಾರೆ ಎಂದು ಸ್ವಪ್ನಿಲ್ ಅಂದ. ಸಾಹೇಬರು ಅಷ್ಟಕ್ಕೇ ಬಿಡಲಿಲ್ಲ, ಅದು ಅವರ ದೊಡ್ಡತನ ಎಂದೇ ಹೇಳಬೇಕು. ಅವಸರ ಮಾಡಬೇಡಿ, ಥೋಡಂ ಥಾಂಬಾ, ಸ್ವಲ್ಪ ತಡೆಯಿರಿ ಎಂದು ಕಾಡಪ್ಪನ ಭುಜದ ಮೇಲೆ ಕೈಯಿಟ್ಟರು. ಕಾಡಪ್ಪ ನಕ್ಕ. ತಡೆದು ತಡೆದು ಹಲ್ಲು ಬಿದ್ದವು ಸಾಹೇಬ ಎಂದು ಬಾಯಿ ತೆರೆದು ತೋರಿಸಿದ. ಸಾಹೇಬರು ನೀತಾಳ ಕಡೆ ತಿರುಗಿ, ನೀನು ಇವರ ಮನೆಯವಳು, ನಿಮ್ಮ ಭಾಷೆಯಲ್ಲಿ ಇವರಿಗೆ ಸಮಾಧಾನವಾಗಿ ತಿಳಿಸಿ ಹೇಳು ಎಂದರು. ಏನು ತಿಳಿಸಬೇಕು ಎಂದು ಹೇಳಲಿಲ್ಲ.

ಎಲ್ಲರೂ ಅವಳ ಕಡೆ ತಿರುಗಿದರು. ಗೋಡೆಯ ಟಿವಿಯಲ್ಲಿ ದನಿಯಿಲ್ಲದೆ ಯಾರೋ ಸದಸ್ಯರು ಕೈ ಬೀಸಿ ಬೀಸಿ ಮಾತಾಡುತ್ತಿದ್ದರು. ಪೇಢೆ ಅಂಗುಳಿಗೆ ಅಂಟಿತ್ತು. ಅವಳಿಗೆ ಒಂದು ವಿಚಿತ್ರ ಸ್ಪಷ್ಟತೆಯಲ್ಲಿ ಹೊಳೆದದ್ದು ಇಷ್ಟು: ಸಾಹೇಬರಿಗೆ ಕನ್ನಡ ಬರುವುದಿಲ್ಲ, ಸ್ವಪ್ನಿಲ್‌ಗೂ ಬರುವುದಿಲ್ಲ. ಈ ನೆಲ, ಈ ಗೋಡೆ, ಈ ಸಿಕ್ಕಾದ ನಡುವೆ ನಿಂತು ಅವಳು ಈಗ ಏನು ಬೇಕಾದರೂ ಹೇಳಬಹುದು. ಕಾಕಾ, ಸ್ಲ್ಯಾಬ್ ಹಾಕಬ್ಯಾಡ್ರಿ, ಅವರು ಕೆಡವತಾರ. ಎಷ್ಟು ಸಣ್ಣ ಮಾತು. ಸಾಹೇಬರು ಫೇಟಾದಡಿಯಿಂದ ತಲೆದೂಗುತ್ತ ನಗುತ್ತಲೇ ಇರುತ್ತಾರೆ. ಮುಂದೆ? ಇವರ ಮುಖ ಇಳಿಯುತ್ತದೆ, ನಾಗವ್ವ ಎದೆ ಬಡಿದುಕೊಳ್ಳಬಹುದು, ಪೇಢೆಯ ಪೊಟ್ಟಣ ಕೈಯಲ್ಲಿರುವಾಗಲೇ. ಸ್ವಪ್ನಿಲ್ ಕೇಳುತ್ತಾನೆ, ಏನು ಹೇಳಿದೆ? ಆ ಸಣ್ಣ ಮಾತನ್ನು ಗಂಟಲಿನಿಂದ ಎತ್ತಿ ತರುವಷ್ಟರಲ್ಲಿ ಅದರ ಅಂಚುಗಳೆಲ್ಲ ಸವೆದುಹೋದವು. "ಸಾಹೇಬ್ರು ಏನಂತಾರಂದ್ರ," ಎಂದಳು, ತನ್ನ ದನಿ ಯಾರದೋ ದನಿಯ ಹಾಗೆ ಕೇಳಿತು, "ಈಗ ಕೆಲಸ ಸುರು ಆಗೇದ್ರಿ ಕಾಕಾ. ಅಳತಿ ಮಾಡಾಕ ಮಂದಿ ಬರತಾರಂತ. ಅಲ್ಲಿ ತನಕಾ ತಡದ್ರ ಚಲೋ."

ಒಂದೂ ಸುಳ್ಳಿಲ್ಲ ಎಂದು ಅವಳು ಅಂದುಕೊಳ್ಳುವಷ್ಟರಲ್ಲಿ ಕಾಡಪ್ಪನ ಮುಖ ಅರಳಿತು. ಅವನು ಹಿಂದಿನವರ ಕಡೆ ತಿರುಗಿದ.

"ಕೇಳಿದ್ರಿಲ್ಲೋ? ಅಳತಿಗೆ ಬರಾಕತ್ತಾರ. ಅಳತಿ ಅಂದ್ರ ಉತಾರ ಬಂತಂತ ತಿಳಕೋರಿ, ಮನಿ ನಮ್ಮ ಹೆಸರಿಗೆ ಆತು. ಇನ್ನ ಅಮಾಸಿ ಗಿಮಾಸಿ ನೋಡಕೋತ ಕುಂತ್ರ ಮ್ಯಾಲಿನ ಮನಿ ಲೆಕ್ಕದಾಗ ಬರೂದಿಲ್ಲ. ನಾಳೆನ ಹಾಕಿಬಿಡೂನು."

ಅಲ್ಲಿಂದಲೇ ಅವನು ಗುತ್ತೇದಾರನಿಗೆ ಫೋನು ಹಚ್ಚಿದ. ಮಿಕ್ಸರು ಇದೆಯೇ, ಮಂದಿ ಇದ್ದಾರೆಯೇ, ನಾಳೆ ಮುಂಜಾನೆಯೇ ಬೇಕು. ನಾಗವ್ವ ಅಮಾವಾಸ್ಯೆಯ ಹಿಂದಿನ ದಿನ ಬೇಡವೆಂದು ಗೊಣಗಿದಳು, ವಸ್ತಿಯ ಗಂಡಸರು ಅವಳನ್ನು ನಗೆಯಲ್ಲಿ ಮುಳುಗಿಸಿದರು. ಅವರು ಇಷ್ಟು ಖುಷಿಯಾಗಿದ್ದು ನೋಡಿ ಸಾಹೇಬರು ನೀತಾಳಿಗೆ ಮೆಚ್ಚುಗೆಯಿಂದ ತಲೆ ಆಡಿಸಿದರು. ಹಾಗಲ್ಲ ಕಾಕಾ ಎಂದು ಅವಳು ಅಂದದ್ದು ನಿಜ. ಆದರೆ ಆಗ ಸ್ವಪ್ನಿಲ್ ಎಲ್ಲರನ್ನೂ ಫೋಟೋಕ್ಕೆ ನಿಲ್ಲಿಸುತ್ತಿದ್ದ, ಹೆಣ್ಣುಮಕ್ಕಳು ಮುಂದೆ, ಎತ್ತರದವರು ಹಿಂದೆ. ಅವಳ ಮಾತನ್ನು ಕೇಳಿಸಿಕೊಂಡವನೊಬ್ಬ, ಹೌದವಾ, ನೀನೂ ಮುಂದ ಬಾ ಎಂದು ಜಾಗ ಬಿಟ್ಟ. ಫೋಟೋದಲ್ಲಿ ಅವಳೂ ಇದ್ದಾಳೆ, ಸಾಹೇಬರ ಎಡಗಡೆ, ಕಣ್ಣು ಮುಚ್ಚಿಕೊಂಡು.

ವಸ್ತಿಯವರು ಹೋದ ಮೇಲೆ ಸಾಹೇಬರು ಪತ್ರಕರ್ತರೊಬ್ಬರಿಗೆ ಈರುಳ್ಳಿಯ ಬಗ್ಗೆ ಫೋನಿನಲ್ಲಿ ಹೇಳಿಕೆ ಕೊಟ್ಟರು. ಆಮೇಲೆ ರಾಂಜಣಗಾಂವದ ಕಾರಖಾನೆಯಿಂದ ತೆಗೆದುಹಾಕಲ್ಪಟ್ಟವರು ಬಂದರು, ಅವರ ಹಿಂದೆ ಒಬ್ಬ ಹೆಣ್ಣುಮಗಳು ಪಾಸ್‌ಪೋರ್ಟಿನ ತಕರಾರು ಹಿಡಿದು ಬಂದಳು. ನೀತಾ ಎಲ್ಲರಿಗೂ ಪತ್ರ ಬರೆದುಕೊಟ್ಟಳು, ಎಲ್ಲ ಸಿಕ್ಕಾಗಳೂ ನೆಟ್ಟಗೆ ಬಿದ್ದವು. ಊಟದ ಹೊತ್ತಿಗೆ ಸ್ವಪ್ನಿಲ್ ಅವಳ ಮೇಜಿನ ತುದಿಗೆ ಕೂತು, ನೀನು ಅಲ್ಲಿಯವಳು ಎಂದು ನನಗೆ ಮೊದಲೇ ಹೇಳಬೇಕಿತ್ತು, ಪ್ರಶ್ನೆಯಲ್ಲಿ ಹೆಸರು ಯಾಕೆ ಬಂತೆಂದು ಈಗ ತಿಳಿಯಿತು ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಅವರು ನಾಳೆಯೇ ಸ್ಲ್ಯಾಬ್ ಹಾಕುತ್ತಾರೆ ಎಂದು ಅವಳು ಹೇಳಿದಳು. ಸ್ವಪ್ನಿಲ್ ವಡಾಪಾವಿನ ಕಾಗದವನ್ನು ಮಡಚುತ್ತ ಮಡಚುತ್ತ ಬಹಳ ಸಣ್ಣದು ಮಾಡಿದ. ಹಾಕಲಿ ಬಿಡು ಎಂದ ಕೊನೆಗೆ. ಅಳತೆಯ ಮಂದಿ ಬರಲು ವರ್ಷ ಹಿಡಿಯುತ್ತದೆ, ಬಂದರೆ ಸಾಹೇಬರು ಅಡ್ಡ ನಿಲ್ಲುತ್ತಾರೆ. ಸಾಹೇಬರು ನಿಜವಾಗಿ ಅಡ್ಡ ನಿಲ್ಲುತ್ತಾರೆ ಎಂದು ನೀತಾಳಿಗೂ ಗೊತ್ತಿತ್ತು. ಜೆಸಿಬಿಯ ಮುಂದೆ ಒಂದು ದಿನ ನಿಲ್ಲುತ್ತಾರೆ. ಮರುದಿನ ಅವರಿಗೆ ದಿಲ್ಲಿಯಲ್ಲಿ ಮತದಾನ ಇರುತ್ತದೆ.

ಬಸ್ಸಿಗೆ ಹೋಗುವ ಮುಂಚೆ ಕಚೇರಿಯ ಮೆಟ್ಟಿಲ ಮೇಲೆ ನಿಂತು ಕಾಡಪ್ಪನಿಗೆ ಫೋನು ಮಾಡಿದಳು. ಹಿಂದೆ ಮರಳು ಸುರಿಯುವ ಸಪ್ಪಳ. ಏನು ಹೇಳಬೇಕೆಂದು ಈ ಸಲ ಒಂದೊಂದೇ ಶಬ್ದ ಜೋಡಿಸಿ ಇಟ್ಟುಕೊಂಡಿದ್ದಳು. ಕಾಡಪ್ಪ ಅವಳಿಗೆ ಅವಕಾಶವನ್ನೇ ಕೊಡಲಿಲ್ಲ. ನಿನ್ನ ಮಾತಿನಿಂದ ಕೆಲಸ ಬೇಗ ಆಯಿತು ನೋಡು, ನಾಳೆ ಊಟಕ್ಕೆ ಇಲ್ಲೇ ಬಾ, ನಿಮ್ಮ ಕಾಕು ಹುಗ್ಗಿ ಮಾಡತಾಳ ಎಂದು ಇಟ್ಟುಬಿಟ್ಟ. ಮತ್ತೆ ಮಾಡಬಹುದಿತ್ತು. ಬೆರಳು ಹೆಸರಿನ ಮೇಲೆ ಇದ್ದದ್ದೂ ಹೌದು. ಇಂಥ ಮಾತು ಫೋನಿನಲ್ಲಿ ಹೇಳುವಂಥದಲ್ಲ, ಎದುರಿಗೆ ಕೂತು ಹೇಳಬೇಕು ಎಂಬ ಯೋಗ್ಯವಾದ ಒಂದು ಕಾರಣ ತಾನಾಗಿಯೇ ಒದಗಿಬಂತು. ಮನೆಯಲ್ಲಿ ಅವ್ವ ಯಾಕೆ ಸಪ್ಪಗಿದ್ದೀ ಎಂದು ಕೇಳಿದಳು, ತಲೆನೋವು ಎಂದಳು. ಅಪ್ಪ ಮೊಬೈಲಿಗೆ ಬಂದ ಸತ್ಕಾರದ ಫೋಟೋವನ್ನು ಅಂಗಡಿಯವರಿಗೆಲ್ಲ ತೋರಿಸಿ ಬಂದಿದ್ದ. ಇಲ್ಲದ ಊರಿನ ಹೆಸರು ಬರೆಯಬಾರದೆಂದು ಹೇಳಿಕೊಟ್ಟ ಮನುಷ್ಯ ಫೋಟೋದ ಕೆಳಗಿನ ಅದೇ ಹೆಸರನ್ನು ಮತ್ತೆ ಮತ್ತೆ ಜೋರಾಗಿ ಓದುತ್ತಿದ್ದ.

ಮುಂಜಾನೆ ಬೇಗ ಎದ್ದರೂ ರವಿವಾರದ ಬಸ್ಸು ಬೇಗ ಬರಲಿಲ್ಲ. ಬಸ್ಸು ಭೋಸರಿ ಮುಟ್ಟುವವರೆಗೂ ಅವಳು ಒಂದೇ ಲೆಕ್ಕ ಹಾಕುತ್ತಿದ್ದಳು: ಪೂಜೆ ಆಗಬೇಕು, ನಾಷ್ಟಾ ಆಗಬೇಕು, ಕೂಲಿ ಮಂದಿ ಹೊತ್ತಿಗೆ ಸರಿಯಾಗಿ ಎಲ್ಲಿ ಬರುತ್ತಾರೆ. ವಸ್ತಿಯ ತಿರುವಿನಲ್ಲೇ ಮಿಕ್ಸರಿನ ಗರಗರ ಕೇಳಿಸಿತು. ಓಣಿ ಅವಳಿಗೆ ನೆನಪಿದ್ದುದಕ್ಕಿಂತ ಇಕ್ಕಟ್ಟಾಗಿತ್ತು, ಮನೆಗಳು ಎತ್ತರವಾಗಿದ್ದವು. ಕಾಡಪ್ಪನ ಮನೆಯ ಮುಂದೆ ನೆಲದಿಂದ ಮೇಲಿನವರೆಗೆ ಹಲಗೆಯ ಮೇಲೊಬ್ಬರು ಹಲಗೆಯ ಮೇಲೊಬ್ಬರು ನಿಂತು, ಕಾಂಕ್ರೀಟು ತುಂಬಿದ ಕಬ್ಬಿಣದ ಘಮೇಲಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಖಾಲಿಯಾದವು ಮೇಲಿನಿಂದ ಠಣ್ಣೆಂದು ಕೆಳಗೆ ಬೀಳುತ್ತಿದ್ದವು. ಕೂಲಿಯವರ ಜೊತೆ ವಸ್ತಿಯ ಹೆಂಗಸರೂ ಸಾಲಿನಲ್ಲಿದ್ದರು. ಅದರ ಬುಡದಲ್ಲೇ ನಾಗವ್ವ, ಸೆರಗು ಬಿಗಿದು, ಮೊಣಕೈವರೆಗೆ ಸಿಮೆಂಟು.

ಅವಳನ್ನು ಸಾಲಿನಿಂದ ಬಿಡಿಸಿ ಹಿಂದಿನ ಖೋಲಿಯ ಬಾಗಿಲಿಗೆ ಕರೆತರಬೇಕಾದರೆ ನೀತಾ ಮೂರು ಸಲ ಕೂಗಬೇಕಾಯಿತು. ಮೂರನೆಯ ಸಲ ಅವಳ ದನಿ ಅವಳೇ ಬೆಚ್ಚುವಷ್ಟು ದೊಡ್ಡದಿತ್ತು. ಆಮೇಲೆ ಹೇಳಿದಳು. ನಡುವೆ ನಿಲ್ಲದೆ, ಒಂದೂ ಶಬ್ದ ಮೆತ್ತಗೆ ಮಾಡದೆ ಹೇಳಿದಳು: ದಿಲ್ಲಿಯವರು ಆಗೂದಿಲ್ಲ ಅಂದಾರ, ಅಳತಿ ಉತಾರಕ್ಕಲ್ಲ, ಕೆಡವಾಕ. ನಾಗವ್ವ ಅವಳ ಬಾಯನ್ನೇ ನೋಡುತ್ತ ಕೇಳಿದಳು. ಅಳಲಿಲ್ಲ. ಮೇಲೆ ನಿಂತಿದ್ದ ಗಂಡನನ್ನು ಕೂಗಿ ಇಳಿಸಿದಳು, ಅವನಿಗೂ ನೀತಾ ಅದನ್ನೇ ಮೊದಲಿನಿಂದ ಹೇಳಿದಳು. ಕಾಡಪ್ಪ ಗೋಡೆಗೆ ಕೈಯೂರಿ ನಿಂತ.

"ನಿನ್ನೆ ಯಾಕ ಹೇಳಲಿಲ್ಲ?" ಎಂದ.

ಉತ್ತರಕ್ಕೆ ಕಾಡಪ್ಪ ಕಾಯಲಿಲ್ಲ. ಕೆಲಸ ನಿಲ್ಲಿಸಿ ಕಾಕಾ ಎಂದು ಅವಳು ಅಂದಾಗ ಅವನು, ಸಣ್ಣ ಮಕ್ಕಳಿಗೆ ಹೇಳುವಾಗಿನ ಬೇಸರದಲ್ಲಿ, ಅರ್ಧ ಆಗೇದ, ಸ್ಲ್ಯಾಬ್ ಅರ್ಧಕ್ಕ ನಿಂದ್ರಸಾಕ ಬರೂದಿಲ್ಲ, ಬೆಸುಗಿ ಕೂಡೂದಿಲ್ಲ, ನಾಳೆ ಕೆಳಗಿನ ಮನಿನೂ ಸೋರತದ ಎಂದ. ಮಂದಿಗೆ ಈಗೇನೂ ಹೇಳಬ್ಯಾಡ, ಕೈ ಬಿಟ್ಟಾರು ಎಂದು ಹೆಂಡತಿಗೆ ಹೇಳಿ, ಬಂದ ಏಣಿಯನ್ನೇ ಮತ್ತೆ ಹತ್ತಿದ. ಹತ್ತುವಾಗ ಒಮ್ಮೆ ಕಾಲು ತಪ್ಪಿತು, ಸಾವರಿಸಿಕೊಂಡ.

ನಾಗವ್ವ ಅಲ್ಲೇ ನಿಂತಿದ್ದಳು. ಕೈಗೆ ಹತ್ತಿದ ಸಿಮೆಂಟು ಒಣಗಿ ಬೆಳ್ಳಗಾಗುತ್ತಿತ್ತು, ಅದನ್ನು ಉಗುರಿನಿಂದ ಕೆರೆಯುತ್ತಿದ್ದಳು. ಆಮೇಲೆ ಕೇಳಿದಳು, ಸಿಟ್ಟಿನಿಂದಲ್ಲ, ತಿಳಿದುಕೊಳ್ಳಬೇಕೆಂದು ಕೇಳಿದಳು.

"ಇಷ್ಟ ವರ್ಷ ನಮ್ಮನ್ನ ಯಾರೂ ನೋಡಿದ್ದಿಲ್ಲಲ್ಲವಾ. ನಮ್ಮ ವಸ್ತಿ ಹೆಸರು ಅವರಿಗೆ ಯಾರು ಕೊಟ್ರು?"

"ಸಾಹೇಬ್ರು," ಎಂದಳು ನೀತಾ.

ಎಷ್ಟು ಸಲೀಸಾಗಿ ಬಂತು ಆ ಮಾತು. ಬದುಕಿನಲ್ಲಿ ಯಾವ ಪ್ರಶ್ನೆಗೂ ಅವಳು ಇಷ್ಟು ಬೇಗ ಉತ್ತರ ಕೊಟ್ಟಿರಲಿಲ್ಲ. ಅದು ಸುಳ್ಳೂ ಅಲ್ಲ. ಪ್ರಶ್ನೆ ಸಾಹೇಬರ ಹೆಸರಿನಲ್ಲೇ ಇದೆ, ಅಚ್ಚಾಗಿದೆ, ಯಾರು ಬೇಕಾದರೂ ನೋಡಬಹುದು.

ನಾಗವ್ವ ನಿಟ್ಟುಸಿರು ಬಿಟ್ಟಳು. "ಅವರದೇನ ತಪ್ಪು ಬಿಡವಾ, ಪಾಪ. ನಾನ ಕೆಟ್ಟಾಕಿ. ಇಲೆಕ್ಷನ್ನಿಗೆ ಮತಾ ಕೇಳಾಕ ಬಂದಾಗ ನಾನ ಅಲ್ಲ, ಮಂದಿಯೊಳಗ ಕೈಯೆತ್ತಿ ಅಂದಾಕಿ, ಒಮ್ಮೆರ ನಮ್ಮ ಹೆಸರು ತಗೀರಿ ದಿಲ್ಲಿಯೊಳಗ ಅಂತ. ಅವ್ರು ನೆನಪಿಟ್ಟು ತಗದ್ರು. ಈ ಮಾತ ಕಾಕಾನ ಮುಂದ ಅಂದಗಿಂದೀ ಮತ್ತ."

ನೀತಾ ಬಾಯಿ ತೆರೆದಳು. ಹೆಸರು ಬರೆದವಳು ನಾನು ಎನ್ನಬೇಕಿತ್ತು. ನಾಗವ್ವ ಸೆರಗನ್ನು ಮತ್ತೊಮ್ಮೆ ಬಿಗಿದು, ಹುಗ್ಗಿ ಉಣ್ಣದ ಹೋಗಬ್ಯಾಡ ಎಂದು ಹೇಳಿ ಸಾಲಿನ ಬುಡಕ್ಕೆ ನಡೆದಳು. ಅವಳ ಹಿಂದೆ ಹಿಂದೆ ನೀತಾಳೂ ಹೋದಳು, ಹೇಳಬೇಕೆಂದೇ ಹೋದಳು. ನಾಗವ್ವ ಇಷ್ಟು ಹೊತ್ತು ಬಿಟ್ಟುಹೋದ ಜಾಗಕ್ಕೆ ಮೇಲಿನ ಹಲಗೆಯವಳು ಇಳಿದಿದ್ದಳು; ನಾಗವ್ವ ಅವಳನ್ನು ದಾಟಿ ಇನ್ನೂ ಒಂದು ಹಲಗೆ ಮೇಲೆ ಹತ್ತಿದಳು. ನಡುವಿನ ಒಂದು ಹಲಗೆ ಖಾಲಿ ಉಳಿಯಿತು, ಹಿಂದೆಯೇ ಹತ್ತಿದ ನೀತಾ ಅದರ ಮೇಲೆ ನಿಂತಳು. ಕೆಳಗಿನವಳು ಯಾರು ಏನೆಂದು ನೋಡದೆ, ಧರ್ ಗ ಬಾಈ, ಹಿಡಿಯೇ ಎಂದು ತುಂಬಿದ ಘಮೇಲವನ್ನು ಎತ್ತಿ ಚಾಚಿದಳು. ಅದು ನೀತಾ ಅಂದುಕೊಂಡದ್ದಕ್ಕಿಂತ ಬಹಳ ಭಾರವಿತ್ತು, ಅಂಚು ಬೆರಳಿಗೆ ಒತ್ತಿತು. ಮೇಲಿನಿಂದ ಎರಡು ಕೈ ಇಳಿದುಬಂದವು, ನಾಗವ್ವನವು. ದಾಟಿಸಿದಳು. ಕೆಳಗೆ ನೋಡುವಷ್ಟರಲ್ಲಿ ಮುಂದಿನ ಘಮೇಲ ಬಂದೇಬಿಟ್ಟಿತ್ತು.